ಪೂಲ್ ಮೇಜಿನ ದೀಪ ನಮ್ಮೂರ ವೆಲ್ಡಿಂಗ್ ಶಾಪಿನಲ್ಲೇ ಆಗಲಿ

ಪೂಲ್ ಮೇಜು ಅಂದ ಕೂಡಲೇ ‘ಅದೆಲ್ಲ ದುಡ್ಡಿದ್ದವರ ಆಟ, ನಮಗ್ಯಾಕೆ’ ಅನ್ನುವವರೇ ಹೆಚ್ಚು. ಆ ಮಾತು ಈಗ ಅರ್ಧ ಮಾತ್ರ ನಿಜ. ಕೆಆರ್‌ಎಸ್ ಹಿನ್ನೀರಿನ ಕಡೆಯ ತೋಟದ ಮನೆಗಳಿಗೆ, ಶ್ರೀರಂಗಪಟ್ಟಣದ ಸುತ್ತಲ ಹೋಂಸ್ಟೇಗಳಿಗೆ, ಬೆಂಗಳೂರಿನಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುವವರ ಮಹಡಿಗೆ ಈ ಮೇಜು ಬರತೊಡಗಿದೆ. ಆಡುವವರು ಯಾರೇ ಆಗಿರಲಿ, ಅದನ್ನು ಮಹಡಿಗೆ ಹೊರುವವರು, ಮಟ್ಟ ನೋಡಿ ನಿಲ್ಲಿಸುವವರು, ಮೇಲೆ ಲೈಟು ಕಟ್ಟುವವರು ನಮ್ಮ ಹುಡುಗರೇ. ಇವತ್ತು ನಾವು ಮಾತಾಡುತ್ತಿರುವುದು ಆ ಲೈಟಿನ ವಿಚಾರ.

ನಮ್ಮ ಅಭಿಪ್ರಾಯ ಇಷ್ಟು: ಈ ಲೈಟನ್ನು ಫೋನಿನಲ್ಲಿ ಫೋಟೋ ನೋಡಿ ತರಿಸಬಾರದು. ಮೇಜಿನ ಅಳತೆ ತಗೊಂಡು ಪಾಂಡವಪುರದಲ್ಲೋ ಕೆ.ಆರ್. ಪೇಟೆಯಲ್ಲೋ ಮಾಡಿಸಬೇಕು. ಊರಿನ ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ಅಳತೆಗೆ ಮಾಡಿಸಿದ ಲೈಟೇ ಆಟಕ್ಕೆ ಸರಿಹೋಗುತ್ತದೆ, ಕೆಟ್ಟರೆ ರಿಪೇರಿ ಆಗುತ್ತದೆ. ಕೂಲಿಯೂ ಇಲ್ಲೇ ಉಳಿಯುತ್ತದೆ. ಆದರೆ ಮಾಡಿಸುವವರಿಗೂ ಮಾಡುವವರಿಗೂ ಒಂದೆರಡು ಲೆಕ್ಕ ಗೊತ್ತಿರಬೇಕು. ಕರೆಂಟಿನ ವಿಚಾರದಲ್ಲಿ ಆ ಲೆಕ್ಕ ತಪ್ಪಿದರೆ ಹೋಗುವುದು ಜೀವ.

ಕೇರಂ ಲೈಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಕೇರಂ ಬೋರ್ಡಿನ ಲೈಟು ನಮಗೆಲ್ಲ ಗೊತ್ತು. ಗಣೇಶನ ಹಬ್ಬದ ಪಂದ್ಯವಿರಲಿ, ಯುವಕರ ಸಂಘದ ಕೋಣೆಯಿರಲಿ, ಬೋರ್ಡಿನ ನಡುವಿಗೆ ಸರಿಯಾಗಿ ಒಂದು ವೈರು ಇಳಿಬಿಟ್ಟು, ತಗಡಿನದೋ ರಟ್ಟಿನದೋ ಟೋಪಿ ಹಾಕಿ, ಬಲ್ಬು ಉರಿಸುತ್ತೇವೆ. ಕೆಲಸ ಆಗುತ್ತದೆ. ಅದೇ ಅಭ್ಯಾಸದಲ್ಲಿ ಪೂಲ್ ಮೇಜಿನ ಮೇಲೂ ಒಂದು ಬಲ್ಬು ಇಳಿಬಿಟ್ಟರೆ ಕೆಲಸ ಕೆಡುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಕೇರಂ ಬೋರ್ಡಿನ ಆಡುವ ಜಾಗ ಸುಮಾರು 29 ಇಂಚು ಚೌಕ. ಬಲ್ಬು 3 ಅಡಿ ಮೇಲಿದ್ದರೆ, ಬೋರ್ಡಿನ ನಡುವೆ ಬೀಳುವ ಬೆಳಕಿನ ಮೂರರಲ್ಲಿ ಎರಡು ಪಾಲು ಮೂಲೆಗೂ ಬೀಳುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎಂಟಡಿಯದು ಅಂತ ಕರೆಯುವ ಪೂಲ್ ಮೇಜಿನ ಆಡುವ ಜಾಗ 88 ಇಂಚು ಉದ್ದ, 44 ಇಂಚು ಅಗಲ. ಅದರ ನಡುವಿಗೆ 40 ಇಂಚು ಮೇಲೆ ಒಂದೇ ಬಲ್ಬು ಕಟ್ಟಿದರೆ ಮೂಲೆಗೆ ಬೀಳುವುದು ನಡುವಿನ ಬೆಳಕಿನ ಕಾಲು ಭಾಗ ಮಾತ್ರ. ಬೆಳಕು ದೂರ ಹೋದಷ್ಟೂ ಹರಡಿ ತೆಳುವಾಗುತ್ತದೆ, ಓರೆಯಾಗಿ ಬಿದ್ದಷ್ಟೂ ಇನ್ನೂ ತೆಳುವಾಗುತ್ತದೆ. ಎರಡೂ ಸೇರಿ ಮೂಲೆ ಕತ್ತಲಾಗುತ್ತದೆ.

ಪೂಲ್ ಆಟದ ಆರು ಗುಂಡಿಗಳಲ್ಲಿ ನಾಲ್ಕು ಇರುವುದು ಮೂಲೆಯಲ್ಲೇ. ಅಂದರೆ ಚೆಂಡು ಹೋಗಿ ಬೀಳಬೇಕಾದ ಜಾಗವೇ ಮಬ್ಬು. ಇನ್ನೊಂದು ತೊಂದರೆ ನೆರಳಿನದು. ಒಂದೇ ಕಡೆಯಿಂದ ಬರುವ ಬೆಳಕಿಗೆ ಚೆಂಡಿನ ಪಕ್ಕ ಕಪ್ಪು ನೆರಳು ಬೀಳುತ್ತದೆ. ಈ ಆಟದಲ್ಲಿ ಗುರಿಯೇ ಚೆಂಡಿನ ಅಂಚು. ಅಂಚು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಗೊತ್ತಾಗದಿದ್ದರೆ ಎಷ್ಟು ಕೈ ಪಳಗಿದ್ದರೂ ಏಟು ತಪ್ಪುತ್ತದೆ. ಗೋಡೆಗೆ ಹಾಕಿದ ಟ್ಯೂಬ್‌ಲೈಟು ಇನ್ನೂ ಕಷ್ಟ. ಬಗ್ಗಿದವನ ತಲೆಯ ನೆರಳು, ಕೋಲಿನ ನೆರಳು ಎರಡೂ ಮೇಜಿನ ಮೇಲೆ.

ಕೆ.ಆರ್. ಪೇಟೆ ತಾಲೂಕಿನ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯ ನೋಡಿದವರಿಗೆ ಬೆಳಕಿನ ಇನ್ನೊಂದು ಗುಣ ಗೊತ್ತಿರುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಹೊರಗೋಡೆಯ ಕೆತ್ತನೆ ಎದ್ದು ಕಾಣುತ್ತದೆ. ಕಲ್ಲಿನ ಕೆತ್ತನೆ ಕಾಣಲು ನೆರಳು ಬೇಕು. ಆಟದ ಮೇಜಿಗೆ ನೆರಳೇ ಬೇಡ. ಯಾವ ಕೆಲಸಕ್ಕೆ ಯಾವ ಬೆಳಕು ಅಂತ ಮೊದಲು ಕೇಳಿಕೊಳ್ಳಬೇಕು, ಆಮೇಲೆ ಅಂದದ ಮಾತು.

ಪಂದ್ಯದ ನಿಯಮ ಏನು ಹೇಳುತ್ತದೆ

ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ ಲೈಟಿಗೂ ಅಳತೆ ಇದೆ. ಮೇಜಿನ ಬಟ್ಟೆ ಮತ್ತು ಅಂಚಿನ ಮೇಲೆ ಎಲ್ಲಿ ಅಳೆದರೂ 520 ಲಕ್ಸ್‌ಗೆ ಕಡಿಮೆ ಇರಬಾರದು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ನಡುವಿನ ಬೆಳಕು ಮೂಲೆಗಿಂತ ಎದ್ದು ಕಾಣುವಷ್ಟು ಹೆಚ್ಚಿರದಂತೆ ನೋಡಿಕೊಳ್ಳಬೇಕು. ಲೈಟನ್ನು ಪಕ್ಕಕ್ಕೆ ಸರಿಸುವ ಹಾಗಿದ್ದರೆ ಮೇಜಿನ ಹಾಸಿನಿಂದ ಕನಿಷ್ಠ 40 ಇಂಚು ಮೇಲಿರಬೇಕು, ಸರಿಸಲಾಗದ ಲೈಟಾದರೆ 65 ಇಂಚು. ಆಡುವವರ ಕಣ್ಣು ಕುಕ್ಕಬಾರದು.

ಮನೆಯಲ್ಲಿ ಸರಪಳಿಯಲ್ಲಿ ತೂಗುವ ಲೈಟಿಗೆ 40 ಇಂಚು ಸರಿಯಾದ ಲೆಕ್ಕ. ಮೇಜಿನ ಎತ್ತರ ಸುಮಾರು 30 ಇಂಚು. ಎರಡೂ ಸೇರಿದರೆ ನೆಲದಿಂದ 70 ಇಂಚು, ಅಂದರೆ 5 ಅಡಿ 10 ಇಂಚು. ಅಷ್ಟು ಎತ್ತರದಲ್ಲಿ ನಿಂತವರ ಕಣ್ಣು ಲೈಟಿನ ಕೆಳಗೇ ಬರುತ್ತದೆ. ಹಾಗಾಗಿ ಟ್ಯೂಬು ನೇರ ಕಣ್ಣಿಗೆ ಕಾಣದ ಹಾಗೆ ಸುತ್ತ ತಗಡಿನ ಅಂಚು ಇಳಿಬಿಡಬೇಕು.

ಮಾಡಿಸುವುದು ಹೇಗೆ

ಮೊದಲು ಮೇಜಿನ ಒಳಗಿನ ಅಳತೆ ತಗೊಳ್ಳಿ. ಒಂದು ಬದಿಯ ರಬ್ಬರ್ ಅಂಚಿನ ಮೂಗಿನಿಂದ ಎದುರು ಬದಿಯ ಮೂಗಿನವರೆಗೆ. ಅದರಲ್ಲಿ ಪ್ರತಿ ಬದಿಗೂ 7ರಿಂದ 8 ಇಂಚು ಕಳೆಯಿರಿ. 88 ಇಂಚಿಗೆ 44 ಇಂಚಿನ ಮೇಜಿಗೆ ಸುಮಾರು 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಚೌಕಟ್ಟು ಬರುತ್ತದೆ. ಕಿಟಕಿ ಗ್ರಿಲ್ಲು ಮಾಡುವ ಯಾವ ಅಂಗಡಿಯಲ್ಲಾದರೂ ಸಿಗುವ ಒಂದಿಂಚಿನ ಚೌಕ ಪೈಪು ಇದಕ್ಕೆ ಸಾಕು. ದಪ್ಪ ಪೈಪು ಬೇಡ. ಗೇಟು ಮಾಡುವ ಪೈಪಿನಲ್ಲಿ ಲೈಟು ಮಾಡಿದರೆ ಭಾರ ಸೂರಿಗೆ.

ಚೌಕಟ್ಟಿನ ಸುತ್ತ 4 ಇಂಚು ಅಗಲದ ತಗಡು. ಒಳಮುಖಕ್ಕೆ ಬಿಳಿ ಬಣ್ಣ, ಹೊಳೆಯದ ಬಿಳಿ. ಹೊರಮುಖಕ್ಕೆ ನಿಮ್ಮಿಷ್ಟ. ಮೇಲ್ಭಾಗವನ್ನೂ ತೆಳು ತಗಡಿನಿಂದ ಮುಚ್ಚಿ ಒಳಗಡೆ ಬಿಳಿ ಬಳಿದರೆ ಸೂರಿಗೆ ಹೋಗುವ ಬೆಳಕು ತಿರುಗಿ ಮೇಜಿಗೆ ಬರುತ್ತದೆ. ಬಿಸಿ ಹೋಗಲು ಮೇಲಿನ ತಗಡಿನಲ್ಲಿ ಅಲ್ಲಲ್ಲಿ ತೂತು ಇರಲಿ. ಕೆಳಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಹಾಕಿದರೆ ಬೆಳಕು ಮೆತ್ತಗಾಗುತ್ತದೆ, ನೆರಳಿನ ಅಂಚು ಕರಗುತ್ತದೆ.

ಒಳಗೆ ಉದ್ದದ ಎರಡು ಬದಿಗೆ 4 ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬು ಒಂದೊಂದು, ಅಗಲದ ಎರಡು ಬದಿಗೆ 2 ಅಡಿಯ 10 ವ್ಯಾಟ್ ಟ್ಯೂಬು ಒಂದೊಂದು. ಒಟ್ಟು 60 ವ್ಯಾಟ್. ಬೆಳಕು ಮೇಜಿನ ನಾಲ್ಕೂ ಕಡೆಯಿಂದ ಬರುವುದರಿಂದ ಮೂಲೆಗೂ ಸಿಗುತ್ತದೆ, ಒಂದು ಬದಿಯ ನೆರಳನ್ನು ಇನ್ನೊಂದು ಬದಿಯ ಬೆಳಕು ಅಳಿಸುತ್ತದೆ. ಇವೆಲ್ಲ ಊರಿನ ಅಂಗಡಿಯಲ್ಲೇ ಸಿಗುವ ಟ್ಯೂಬುಗಳು. ನಮಗೆ ಮುಖ್ಯ ಅನ್ನಿಸುವುದು ಇದೇ. ಆನ್‌ಲೈನಿನಲ್ಲಿ ಬರುವ ಎಷ್ಟೋ ಲೈಟುಗಳಲ್ಲಿ ಎಲ್‌ಇಡಿ ಒಳಗೇ ಸೇರಿ ಹೋಗಿರುತ್ತದೆ. ಒಳಗಿನ ಡ್ರೈವರ್ ಸುಟ್ಟರೆ ಇಡೀ ಲೈಟು ಗುಜರಿಗೆ. ನಮ್ಮ ಕಡೆ ವೋಲ್ಟೇಜು ಏರಿಳಿಯುವುದು ಹೊಸ ಸುದ್ದಿ ಏನಲ್ಲ. ಟ್ಯೂಬು ಹೋದರೆ ಟ್ಯೂಬು ಬದಲಾಯಿಸುವ ಹಾಗಿರಬೇಕು.

ಟ್ಯೂಬು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ನೋಡಿ. ಒಂದು, ಬೆಳಕಿನ ಬಣ್ಣ. 6500ಕೆ ಅಂತಿದ್ದರೆ ನೀಲಿ ಛಾಯೆಯ ಬಿಳಿ. 4000ಕೆ ಕಣ್ಣಿಗೆ ಹಿತ. ಇನ್ನೊಂದು ಸಿಆರ್‌ಐ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಂಕ ಅದು, 100ಕ್ಕೆ. 80 ಇರಲೇಬೇಕು, 90 ಸಿಕ್ಕರೆ ಒಳ್ಳೆಯದು. ಪೂಲ್ ಚೆಂಡುಗಳಲ್ಲಿ 3 ಕೆಂಪು, 5 ಕಿತ್ತಳೆ, 4 ನೇರಳೆ, 7 ಕಂದುಗೆಂಪು, 8 ಕಪ್ಪು. ಕಳಪೆ ಬೆಳಕಿನಲ್ಲಿ ಕೆಂಪು ಕಿತ್ತಳೆ ಒಂದೇ ಥರ, ನೇರಳೆ ಕಂದು ಒಂದೇ ಥರ ಕಾಣುತ್ತವೆ. ‘ಅದು ನನ್ನ ಚೆಂಡು’ ಅನ್ನುವ ಜಗಳಕ್ಕೆ ಅಷ್ಟೇ ಸಾಕು.

ಲೈಟು ಕಟ್ಟಿದ ಮೇಲೆ ಪರೀಕ್ಷೆ ಮಾಡಲು ನಿಮ್ಮ ಕೈಯಲ್ಲಿರುವ ಫೋನೇ ಸಾಕು. ಬೆಳಕು ಅಳೆಯುವ ಉಚಿತ ಆ್ಯಪುಗಳಿವೆ. ಫೋನನ್ನು ಮುಖ ಮೇಲೆ ಮಾಡಿ ಮೇಜಿನ ನಡುವೆ ಇಡಿ, ಸಂಖ್ಯೆ ಬರೆದುಕೊಳ್ಳಿ. ಆಮೇಲೆ ನಾಲ್ಕು ಮೂಲೆಯಲ್ಲೂ ಇಡಿ. ಫೋನಿನ ಅಳತೆ ಪಕ್ಕಾ ಇರುವುದಿಲ್ಲ, ಆದರೆ ನಡುವಿಗೂ ಮೂಲೆಗೂ ಎಷ್ಟು ಅಂತರ ಅನ್ನುವುದು ಗೊತ್ತಾಗುತ್ತದೆ. ಮೂಲೆಯದು ನಡುವಿನ ಅರ್ಧಕ್ಕಿಂತ ಕಡಿಮೆ ಬಂದರೆ ಟ್ಯೂಬುಗಳನ್ನು ಹೊರ ಅಂಚಿಗೆ ಇನ್ನಷ್ಟು ಸರಿಸಬೇಕು.

ಕರೆಂಟು ಎಷ್ಟು ಎಳೆಯುತ್ತದೆ ಅನ್ನುವ ಚಿಂತೆ ಬೇಡ. 60 ವ್ಯಾಟಿನ ಲೈಟು ದಿನಕ್ಕೆ 3 ಗಂಟೆ ಉರಿದರೆ ತಿಂಗಳಿಗೆ 5.4 ಯೂನಿಟ್. ಹಳೆಯ ಕಾಲದ 100 ವ್ಯಾಟಿನ ಮೂರು ಬಲ್ಬು ಹಾಕಿದ್ದರೆ 27 ಯೂನಿಟ್ ಆಗುತ್ತಿತ್ತು. ಗೃಹಜ್ಯೋತಿ ಇರುವ ಮನೆಯವರು ತಮ್ಮ ಉಚಿತ ಮಿತಿಯೊಳಗೆ ಇದು ಸೇರುತ್ತದೆಯೇ ಅಂತ ಬಿಲ್ಲು ನೋಡಿಕೊಳ್ಳಿ. ಆದರೆ ಗಂಟೆಗೆ ಇಷ್ಟು ಅಂತ ದುಡ್ಡು ತಗೊಂಡು ಆಡಿಸುವುದಾದರೆ ಅದು ಮನೆಯ ಆಟವಲ್ಲ, ವ್ಯಾಪಾರ. ಅದಕ್ಕೆ ಬೇರೆ ಕನೆಕ್ಷನ್ನೇ ತಗೊಳ್ಳಬೇಕು.

ಅರ್ಥಿಂಗ್ ವಿಚಾರದಲ್ಲಿ ಚೌಕಾಸಿ ಬೇಡ

ಊರಲ್ಲಿ ಮಾಡಿಸಿ ಅಂತ ಹೇಳುವಾಗಲೇ ಇದನ್ನೂ ಗಟ್ಟಿಯಾಗಿ ಹೇಳಬೇಕು. ಇದು ಕಬ್ಬಿಣದ ಲೈಟು. ಕೈಗೆ ಸಿಗುವ ಎತ್ತರದಲ್ಲಿ ತೂಗುತ್ತದೆ. ಆಡುವವರು ಅದನ್ನು ಮುಟ್ಟುತ್ತಾರೆ, ಬೆವರಿದ ಕೈಯಲ್ಲೇ ಸರಿಸುತ್ತಾರೆ. ಒಳಗೆ ಒಂದು ವೈರಿನ ಸಿಪ್ಪೆ ತಗಡಿನ ಅಂಚಿಗೆ ಉಜ್ಜಿ ಹೋದರೆ ಇಡೀ ಚೌಕಟ್ಟಿಗೇ ಕರೆಂಟು.

ನಮ್ಮ ಹಳ್ಳಿಯ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇರುತ್ತದೆ, ಮೂರನೆಯದಕ್ಕೆ ಎಷ್ಟೋ ಕಡೆ ವೈರೇ ಇರುವುದಿಲ್ಲ. ವೈರು ಇದ್ದರೂ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಇಲ್ಲವೇ ಮೇಲೆ ಸಿಮೆಂಟು ಬಿದ್ದಿರುತ್ತದೆ. ಆದ್ದರಿಂದ ಎರಡು ತಂತಿಯ ವೈರು ಎಳೆದು ‘ನಡೆಯುತ್ತೆ ಬಿಡಣ್ಣ’ ಅನ್ನುವವರ ಕೈಗೆ ಈ ಕೆಲಸ ಕೊಡಬೇಡಿ. ಮೂರು ತಂತಿಯ ವೈರು ಹಾಕಿಸಿ. ಅರ್ಥ್ ತಂತಿಯನ್ನು ಚೌಕಟ್ಟಿಗೆ ಬೋಲ್ಟಿನಿಂದ ಬಿಗಿಸಿ, ಬಿಗಿಸುವ ಜಾಗದಲ್ಲಿ ಬಣ್ಣ ಕೆರೆದು ಬರಿ ಕಬ್ಬಿಣ ಕಾಣಿಸಬೇಕು. ಬಣ್ಣದ ಮೇಲೆ ಬಿಗಿಸಿದರೆ ಅದು ಅರ್ಥಿಂಗ್ ಅಲ್ಲ. ವೈರು ತಗಡಿನೊಳಗೆ ಹೋಗುವ ತೂತಿಗೆ ರಬ್ಬರ್ ಬಳೆ ಹಾಕಬೇಕು. ಮನೆಯ ಬೋರ್ಡಿನಲ್ಲಿ 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ ಇರಬೇಕು. ಕರೆಂಟು ಸೋರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನು ಕಡಿಯುವುದು ಅದೇ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ, ಟಕ್ ಅಂತ ಬೀಳಬೇಕು. ಈ ಕೆಲಸವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು, ವೆಲ್ಡಿಂಗ್ ಮಾಡಿದವರೇ ವೈರಿಂಗೂ ಮಾಡಿ ಮುಗಿಸುವುದು ಬೇಡ.

ತೂಗುಹಾಕುವುದೂ ಅಷ್ಟೇ ಮುಖ್ಯ. ಇಂಥ ಲೈಟು ಹತ್ತು ಹದಿನೈದು ಕಿಲೋ ತೂಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ಸರಪಳಿ ಇರಲಿ. ಆರ್‌ಸಿಸಿ ಸೂರಾದರೆ ಆ್ಯಂಕರ್ ಬೋಲ್ಟು, ಹೆಂಚಿನ ಮನೆಯಾದರೆ ತೊಲೆಗೆ ಕೊಂಡಿ. ರೀಪಿಗೆ ಕಟ್ಟಬೇಡಿ, ಪಿಒಪಿ ಸೀಲಿಂಗಿಗಂತೂ ಕಟ್ಟಲೇಬೇಡಿ. ಒಂದು ಸರಪಳಿ ಕಳಚಿದರೂ ಉಳಿದವು ಹಿಡಿಯುವಂತಿರಬೇಕು. ಭಾರವನ್ನು ಯಾವ ಕಾರಣಕ್ಕೂ ವೈರು ಹೊರಬಾರದು.

ಸರಪಳಿಯ ಮಾತು ಬಂದಾಗ ನಾಗಮಂಗಲ ನೆನಪಾಗುತ್ತದೆ. ಲೋಹದ ಎರಕಕ್ಕೆ, ವಿಗ್ರಹಕ್ಕೆ ಹೆಸರಾದ ಊರು ಅದು. ದೇವರ ಮುಂದೆ ತೂಗುದೀಪ ಕಟ್ಟುವುದನ್ನು ನಮ್ಮವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಮನೆಯ ಲೈಟಿಗೆ ಅಂದ ಬೇಕು ಅನ್ನುವವರು ಪ್ಲಾಸ್ಟಿಕ್ಕಿನ ಬಂಗಾರ ಬಣ್ಣದ ಹೂವು ಅಂಟಿಸುವ ಬದಲು ಹಿತ್ತಾಳೆಯ ಕೊಂಡಿ, ಹಿತ್ತಾಳೆಯ ಸರಪಳಿ ಮಾಡಿಸಿ ಹಾಕಲಿ. ಬೇಕಾದ ಅಳತೆಗೆ ಎರಕ ಹೊಯ್ಯುವ ಕೈ ಇನ್ನೂ ಇದೆ, ಕೇಳುವವರು ಬೇಕು.

‘ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತೆ’

ಇದು ನಮಗೆ ಎದುರಾಗುವ ಮೊದಲ ವಾದ. ಕೆಲವೊಮ್ಮೆ ನಿಜವೂ ಹೌದು. ಆದರೆ ಅಗ್ಗ ಅಂತ ನೋಡುವ ಲೈಟು ಸಾಮಾನ್ಯವಾಗಿ ಮೂರು ಟೋಪಿಯದು, ನಡುವಿಗೊಂದು, ಅಕ್ಕಪಕ್ಕ ಒಂದೊಂದು. ಫೋಟೋದಲ್ಲಿ ಚೆಂದ. ಮೇಜಿನ ಮೇಲೆ ಮೂರು ಬೆಳಕಿನ ಗುಂಡು, ನಡುವೆ ಮಬ್ಬು. ಮೇಜಿನ ಉದ್ದಕ್ಕೆ ಅದು ಸರಿಹೊಂದುತ್ತದೆಯೇ ಅಂತ ಬರೆದಿರುವುದಿಲ್ಲ. ವಾರಂಟಿ ಇದೆ ಅನ್ನುತ್ತಾರೆ. ಆರು ಅಡಿಯ ಲೈಟನ್ನು ಬಿಚ್ಚಿ, ಕಟ್ಟಿ, ಕೊರಿಯರಿಗೆ ಹಾಕಿ ವಾಪಸು ಕಳಿಸುವುದು ಎಷ್ಟು ಜನಕ್ಕೆ ಆಗುತ್ತದೆ?

ಇನ್ನೊಂದು ಮಾತು ಸ್ವಲ್ಪ ಕಹಿ. ಆನ್‌ಲೈನಿನಲ್ಲಿ ಹಾಕಿದ ರೇಟನ್ನು ತುಟಿಪಿಟಿಕ್ ಅನ್ನದೆ ಕೊಡುವವರು, ವೆಲ್ಡಿಂಗ್ ಶಾಪಿನ ಮುಂದೆ ಅಡಿಗೆ ಐದು ರೂಪಾಯಿ ಕಡಿಮೆ ಮಾಡು ಅಂತ ಅರ್ಧ ಗಂಟೆ ನಿಲ್ಲುತ್ತಾರೆ. ಅವನು ನಮ್ಮ ಕಣ್ಣೆದುರು ಬೆಂಕಿ ಕಿಡಿಯ ಮುಂದೆ ಕೂತು ದುಡಿಯುತ್ತಾನೆ, ಅದಕ್ಕೇ ಅವನ ದುಡಿಮೆ ಅಗ್ಗ ಅನ್ನಿಸುತ್ತದೆಯೋ ಏನೋ.

ಹಾಗಂತ ನಮ್ಮ ಅಂಗಡಿಗಳವರ ತಪ್ಪನ್ನು ಮುಚ್ಚಿಡುವುದೂ ಸರಿಯಲ್ಲ. ‘ಸೋಮವಾರ ಬನ್ನಿ’ ಅಂದರೆ ಯಾವ ಸೋಮವಾರ ಅಂತ ದೇವರಿಗೇ ಗೊತ್ತು. ಬಿಲ್ಲು ಕೊಡುವುದಿಲ್ಲ. ವೆಲ್ಡಿಂಗಿನ ಮುಳ್ಳು ಉಜ್ಜದೆ ಮೇಲೆ ಬಣ್ಣ ಬಳಿದು ಕೊಡುತ್ತಾರೆ. ಅಳತೆ ಬರೆದುಕೊಳ್ಳದೆ ‘ಗೊತ್ತಾಯ್ತು ಬಿಡಿ’ ಅನ್ನುತ್ತಾರೆ. ಗಿರಾಕಿ ಫೋನು ಹಿಡಿದು ಬೇರೆ ದಾರಿ ನೋಡಲು ಇವೂ ಕಾರಣ. ಅಣ್ಣಂದಿರೇ, ಒಂದು ನೋಟ್‌ಬುಕ್ ಇಡಿ. ಮೇಜಿನ ಅಳತೆ, ಲೈಟಿನ ಅಳತೆ, ಎತ್ತರ, ಒಪ್ಪಿದ ದಿನ, ಒಪ್ಪಿದ ದುಡ್ಡು ಬರೆದು ಇಬ್ಬರೂ ಸಹಿ ಹಾಕಿ. ಮಾಡಿದ ಕೆಲಸದ ನಾಲ್ಕು ಫೋಟೋ ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿ. ಮುಂದಿನ ಗಿರಾಕಿ ಅದನ್ನೇ ನೋಡಿಕೊಂಡು ಬರುತ್ತಾನೆ.

ಆಟ ದೂರದ್ದಲ್ಲ, ಕರೆಂಟೂ ದೂರದ್ದಲ್ಲ

ಈ ಆಟವೆಲ್ಲ ವಿದೇಶದ್ದು ಅನ್ನುವವರಿಗೆ ಒಂದು ಮಾತು. ಪೂಲ್‌ನ ಅಣ್ಣತಮ್ಮನಂತಿರುವ ಸ್ನೂಕರ್ 1875ರಲ್ಲಿ ಜಬಲ್ಪುರದಲ್ಲಿ ಬ್ರಿಟಿಷ್ ಸೈನಿಕ ಅಧಿಕಾರಿಗಳ ನಡುವೆ ಹುಟ್ಟಿತು, ಅದರ ನಿಯಮಗಳು ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ ಗಟ್ಟಿಯಾದವು ಅನ್ನುವುದು ಎಲ್ಲರೂ ಹೇಳುವ ಚರಿತ್ರೆ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದ, ಎರಡು ಡಜನ್‌ಗೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಆಡಿ ಬೆಳೆದದ್ದು ಬೆಂಗಳೂರಿನಲ್ಲಿ. ಹಳ್ಳಿಯ ಹುಡುಗ ಹುಡುಗಿಯರಿಗೆ ಈ ಆಟ ಬರುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ಮೇಜು ಸಿಕ್ಕ ಕಡೆ ಬೆಳಕೂ ಸರಿ ಇರಬೇಕು ಅಷ್ಟೇ.

ಕರೆಂಟಿನ ಚರಿತ್ರೆ ಇನ್ನೂ ಹತ್ತಿರದ್ದು. ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದರು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನೀರು ನಮ್ಮದು, ಬೆಳಕು ಮೊದಲು ಬೇರೆಯವರಿಗೆ. ಈಗ ಮನೆ ಮನೆಯಲ್ಲಿ ಕರೆಂಟಿದೆ. ಆದರೆ ಆ ಕರೆಂಟು ಉರಿಸುವ ಒಂದು ಲೈಟಿನ ಚೌಕಟ್ಟಿಗೂ ದುಡ್ಡು ಹೊರಗೆ ಕಳಿಸಬೇಕೆ? ಕಬ್ಬಿಣ ಕಡಿದು ಬೆಸೆಯುವ, ತಗಡು ಬಗ್ಗಿಸುವ, ಬಣ್ಣ ಹೊಡೆಯುವ ಕೈ ನಾಲ್ಕೂ ತಾಲೂಕಿನಲ್ಲಿ ಇವೆ. ಐಟಿಐಗಳಲ್ಲಿ ವೆಲ್ಡರ್, ಎಲೆಕ್ಟ್ರಿಷಿಯನ್ ಕಲಿತು ಬೆಂಗಳೂರಿನ ಬಸ್ಸು ಹತ್ತುವ ಹುಡುಗರಿಗೆ ಊರಲ್ಲೇ ಇಂಥ ಕೆಲಸ ತಿಂಗಳಿಗೆ ಎರಡು ಬಂದರೂ ಒಂದು ಆಸರೆ.

ಪೂಲ್ ಮೇಜಿಗೆ ಮಾತ್ರ ಅಂತ ತಿಳಿಯಬೇಡಿ. ಇದೇ ಚೌಕಟ್ಟನ್ನು ಸ್ವಲ್ಪ ಸಣ್ಣದು ಮಾಡಿದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಓದುವ ಮೇಜಿಗೆ ಆಗುತ್ತದೆ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರ ಕಟಿಂಗ್ ಮೇಜಿಗೆ ಆಗುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳು ಗೋಡೆಯ ಟ್ಯೂಬಿಗೆ ಬೆನ್ನು ಹಾಕಿ ಕೂತು, ತಮ್ಮ ತಲೆಯ ನೆರಳಲ್ಲೇ ಓದುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿಗೂ ಇದೇ ಲೆಕ್ಕ: ಬೆಳಕು ಕೆಲಸದ ಮೇಲೆ ಬೀಳಬೇಕು, ಕಣ್ಣಿಗೆ ಬೀಳಬಾರದು, ನೆರಳು ಅಡ್ಡ ಬರಬಾರದು.

ಹಾಗಾಗಿ ನಿಮ್ಮ ಮನೆಗೋ ನೆಂಟರ ಮನೆಗೋ ಪೂಲ್ ಮೇಜು ಬರುವುದಿದ್ದರೆ, ಲೈಟು ಆರ್ಡರ್ ಮಾಡುವ ಮೊದಲು ಟೇಪು ಹಿಡಿದು ಅಳತೆ ತಗೊಳ್ಳಿ. ಉದ್ದ, ಅಗಲ, ಸೂರಿನ ಎತ್ತರ, ಮೂರೂ ಒಂದು ಚೀಟಿಯಲ್ಲಿ ಬರೆದು ಹತ್ತಿರದ ವೆಲ್ಡಿಂಗ್ ಶಾಪಿಗೆ ಹೋಗಿ ಇದನ್ನು ಓದಿ ಹೇಳಿ. ಎಲೆಕ್ಟ್ರಿಷಿಯನ್ನನ್ನು ಅವತ್ತೇ ಜೊತೆಗೆ ಕರೆದುಕೊಂಡು ಹೋಗಿ. ಅರ್ಥಿಂಗ್ ಸರಿ ಇದೆ ಅಂತ ಅವರು ಪರೀಕ್ಷೆ ಮಾಡಿ ತೋರಿಸುವವರೆಗೆ ಸ್ವಿಚ್ಚು ಹಾಕಬೇಡಿ.